ಪ್ರಕೃತಿಯ ಸಾಕ್ಷ್ಯ ಮತ್ತು ಸುವಾರ್ತೆಯ ಸಾರಣೆ

ಮಳೆ ಬೆಳೆ, ನಕ್ಷತ್ರಗಳ ನಡೆ, ಮನುಷ್ಯನ ಅಂತಃಸಾಕ್ಷಿ ಇವೆಲ್ಲ ಸೃಷ್ಟಿಕರ್ತನೊಬ್ಬನಿದ್ದಾನೆಂದು ತಾವಾಗಿಯೇ ಸಾರುತ್ತವೆ ಎಂಬುದು ಕ್ರೈಸ್ತಮತದ ಬಹುತೇಕ ಪಂಥಗಳು ಒಪ್ಪಿದ ಮಾತು. ದೈವಶಾಸ್ತ್ರಜ್ಞರು ಇದನ್ನು ಸಾಮಾನ್ಯ ಪ್ರಕಟನೆ ಎನ್ನುತ್ತಾರೆ. ಇಸ್ರಾಯೇಲರ ಇತಿಹಾಸದಲ್ಲಿ, ಪ್ರವಾದಿಗಳ ಬಾಯಲ್ಲಿ, ಕೊನೆಗೆ ಯೇಸುಕ್ರಿಸ್ತನಲ್ಲಿ ದೇವರು ತನ್ನನ್ನು ತೋರಿಸಿಕೊಂಡನೆಂಬುದು ವಿಶೇಷ ಪ್ರಕಟನೆ. ಮೊದಲನೆಯದು ಎಲ್ಲರಿಗೂ ಎಲ್ಲ ಕಾಲದಲ್ಲೂ ತೆರೆದಿದ್ದರೆ, ಊರಿಂದೂರಿಗೆ ಹೋಗಿ ಸುವಾರ್ತೆ ಸಾರುವ ಕೆಲಸವೇಕೆ ಎಂಬ ಪ್ರಶ್ನೆ ಆ ಮತದಷ್ಟೇ ಹಳೆಯದು. ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ಒಂದು ನೆಲೆಯಿದೆ. ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಹದಿನೇಳನೆಯ ಶತಮಾನದ ನಡುವಿನಿಂದ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಬಂದುಹೋದ ಮೂವರು ಪಾದ್ರಿಗಳು ಇದನ್ನು ಮೂರು ಬಗೆಯಲ್ಲಿ ಎದುರಿಸಿದರು. ಸುತ್ತಲಿನ ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆಗಳ ನೆಲದಲ್ಲಿ ಅವರು ಬರುವುದಕ್ಕೆ ಶತಮಾನಗಳ ಮೊದಲೇ ಇದೇ ಪ್ರಶ್ನೆಯ ಬೇರೊಂದು ರೂಪ ಚರ್ಚೆಯಲ್ಲಿತ್ತು.

ಬೈಬಲಿನ ಆಧಾರ

ಪ್ರಕೃತಿಯ ಸಾಕ್ಷ್ಯಕ್ಕೆ ಹೆಚ್ಚಾಗಿ ಎತ್ತಿ ಹೇಳುವ ಭಾಗ ಹತ್ತೊಂಬತ್ತನೆಯ ಕೀರ್ತನೆ. ಅದರ ಮೊದಲರ್ಧ ಆಕಾಶವನ್ನೂ ಸೂರ್ಯನನ್ನೂ ದೇವರ ಮಹಿಮೆಯ ಸಾಕ್ಷಿಗಳೆಂದು ಹೊಗಳುತ್ತದೆ. ಉತ್ತರಾರ್ಧ ಆಕಾಶವನ್ನು ಬಿಟ್ಟು ಧರ್ಮಶಾಸ್ತ್ರದ ಸ್ತುತಿಗೆ ಹೊರಳುತ್ತದೆ. ಒಂದೇ ಹಾಡಿನೊಳಗಿನ ಈ ಹೊರಳು ಮುಂದಿನ ಎರಡು ಸಾವಿರ ವರ್ಷಗಳ ಚರ್ಚೆಯ ಬೀಜ.

ಹೊಸ ಒಡಂಬಡಿಕೆಯಲ್ಲಿ ಈ ವಿಷಯದ ಮುಖ್ಯ ವಕ್ತಾರ ಪೌಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಆತ, ಕಣ್ಣಿಗೆ ಕಾಣದ ದೇವರ ಶಕ್ತಿಯೂ ದೈವತ್ವವೂ ಸೃಷ್ಟಿಯಲ್ಲಿ ಕಾಣುತ್ತವೆ ಎನ್ನುತ್ತಾನೆ. ಅನೇಕರು ಇದನ್ನು ಸಮಾಧಾನದ ಮಾತಾಗಿ ಓದುತ್ತಾರೆ. ಸಂದರ್ಭ ಹಾಗಿಲ್ಲ, ಅದು ಆರೋಪಪಟ್ಟಿಯ ಒಂದು ಕಲಮು: ದೇವರನ್ನು ತಿಳಿದೂ ಮನುಷ್ಯರು ಸೃಷ್ಟಿಯನ್ನೇ ಪೂಜಿಸಿದರು, ಆದ್ದರಿಂದ ಅವರಿಗೆ ನೆವ ಹೇಳಲು ದಾರಿಯಿಲ್ಲ. ಎರಡನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರ ದೊರೆಯದ ಅನ್ಯಜನರ ಅಂತಃಸಾಕ್ಷಿಯ ಮಾತು ಬರುತ್ತದೆ. ಹತ್ತನೆಯ ಅಧ್ಯಾಯದ ಧಾಟಿಯೇ ಬೇರೆ. ನಂಬಿಕೆ ಹುಟ್ಟುವುದು ಕೇಳುವುದರಿಂದ, ಕೇಳಬೇಕಾದರೆ ಹೇಳುವವನು ಬೇಕು, ಹೇಳುವವನನ್ನು ಯಾರಾದರೂ ಕಳಿಸಬೇಕು ಎಂದು ಪೌಲ ಸರಪಳಿಯಂತೆ ವಾದ ಹೂಡುತ್ತಾನೆ. ಅದರ ಬೆನ್ನಿಗೇ ಹತ್ತೊಂಬತ್ತನೆಯ ಕೀರ್ತನೆ ಆಕಾಶದ ದನಿಯ ಬಗ್ಗೆ ಆಡಿದ ಮಾತನ್ನು ಎತ್ತಿಕೊಂಡು ಸುವಾರ್ತೆ ಸಾರುವವರ ದನಿಗೆ ಹೊಂದಿಸುತ್ತಾನೆ. ಪ್ರಕೃತಿ ಮತ್ತು ಸಾರಣೆ ಎದುರಾಳಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೈಬಲಿನಲ್ಲಿಲ್ಲ.

ಪೌಲ ಇದನ್ನು ಆಚರಣೆಯಲ್ಲಿ ಬಳಸಿದ ಎರಡು ಸಂದರ್ಭಗಳು ಅಪೊಸ್ತಲರ ಕೃತ್ಯಗಳಲ್ಲಿವೆ. ಲುಸ್ತ್ರವೆಂಬ ಊರಿನ ಜನ ಅವನನ್ನೂ ಬಾರ್ನಬನನ್ನೂ ದೇವತೆಗಳೆಂದು ತಿಳಿದು ಎತ್ತುಗಳನ್ನು ಬಲಿಕೊಡಲು ಬಂದಾಗ ಆತ ಮಾತು ತೆಗೆದದ್ದು ಮಳೆ, ಬೆಳೆ, ಹೊಟ್ಟೆತುಂಬ ಅನ್ನ ಕೊಡುವ ದೇವರಿಂದ. ಅಥೆನ್ಸಿನಲ್ಲಿ ಅಜ್ಞಾತ ದೇವರಿಗೆ ಮೀಸಲಾದ ಬಲಿಪೀಠವನ್ನೂ ಗ್ರೀಕ್ ಕವಿಯೊಬ್ಬನ ಮಾತನ್ನೂ ಹಿಡಿದು ಹೊರಟ. ಸತ್ತವರ ಪುನರುತ್ಥಾನದ ಮಾತು ಬರುವವರೆಗೂ ಪಂಡಿತರು ಕಿವಿಗೊಟ್ಟರು, ಬಂದೊಡನೆ ಕೆಲವರು ಗೇಲಿ ಮಾಡಿದರು. ಸೃಷ್ಟಿಯಿಂದ ತೊಡಗಿದ ಮಾತು ಎಲ್ಲಿಯವರೆಗೆ ಸರಾಗವಾಗಿ ಸಾಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಈ ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದೈವಶಾಸ್ತ್ರಜ್ಞರ ಉತ್ತರಗಳು

ಎರಡನೆಯ ಶತಮಾನದ ಜಸ್ಟಿನ್, ದೇವರ ವಾಕ್ಯದ ಬೀಜ ಎಲ್ಲ ಜನಾಂಗಗಳ ಜ್ಞಾನಿಗಳಲ್ಲೂ ಬಿದ್ದಿದೆ ಎಂದು ನಂಬಿದ್ದ. ಸಾಕ್ರೆಟಿಸ್‌ನಂಥವರನ್ನು ಕ್ರಿಸ್ತನ ಬಳಗಕ್ಕೆ ಸೇರಿಸುವುದಕ್ಕೂ ಹಿಂಜರಿಯಲಿಲ್ಲ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇನ್ನಷ್ಟು ಲೌಕಿಕವಾದ ಕಾರಣ ಕೊಟ್ಟ. ದೇವರಿದ್ದಾನೆಂದು ತರ್ಕದಿಂದ ತಿಳಿಯಲು ಸಾಧ್ಯ, ಅದಕ್ಕೆ ಐದು ಮಾರ್ಗಗಳನ್ನು ತಾನೇ ತೋರಿಸುತ್ತೇನೆ. ಆದರೆ ಹಾಗೆ ತಿಳಿಯುವವರು ಕೆಲವರೇ, ಅದಕ್ಕೆ ಹಿಡಿಯುವ ಕಾಲ ದೀರ್ಘ, ಅದರಲ್ಲಿ ತಪ್ಪುಗಳೂ ಬೆರೆಯುತ್ತವೆ. ಹೊಲಗದ್ದೆ ಸಂಸಾರಗಳಲ್ಲಿ ಮುಳುಗಿದ ಜನ ಅದಕ್ಕಾಗಿ ಕಾಯಲಾಗದು. ತ್ರಿತ್ವ, ದೇವರು ಮನುಷ್ಯನಾದದ್ದು ಮೊದಲಾದ ಸಂಗತಿಗಳಂತೂ ತರ್ಕಕ್ಕೆ ಎಟುಕುವುದೇ ಇಲ್ಲ. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಈ ನಿಲುವನ್ನೇ ಕಥೋಲಿಕ ಸಿದ್ಧಾಂತವಾಗಿ ಘೋಷಿಸಿತು.

ಸುಧಾರಣಾ ಪಂಥದವರು ಮನುಷ್ಯನ ದೃಷ್ಟಿದೋಷಕ್ಕೆ ಹೆಚ್ಚು ಒತ್ತು ಕೊಟ್ಟರು. ದೇವರ ಅರಿವು ಪ್ರತಿ ಮನಸ್ಸಿನಲ್ಲೂ ಕೆತ್ತಿದೆ, ಪಾಪದಿಂದ ಅದು ಮಸುಕಾಗಿದೆ ಎಂಬುದು ಕ್ಯಾಲ್ವಿನನ ವಾದ. ಮಂಜುಗಣ್ಣಿನ ಮುದುಕನ ಕೈಗೆ ಸುಂದರವಾದ ಪುಸ್ತಕ ಕೊಟ್ಟರೂ ಕನ್ನಡಕವಿಲ್ಲದೆ ಅವನು ಎರಡು ಪದ ಕೂಡಿಸಲಾರ. ಧರ್ಮಗ್ರಂಥವೇ ಆ ಕನ್ನಡಕ ಎಂಬ ಅವನ ಹೋಲಿಕೆ ಪ್ರಸಿದ್ಧ. 1566ರ ಎರಡನೆಯ ಹೆಲ್ವೆಟಿಕ್ ವಿಶ್ವಾಸಪ್ರಮಾಣ, ದೇವವಾಕ್ಯದ ಬೋಧನೆಯನ್ನೇ ದೇವವಾಕ್ಯವೆಂದು ಕರೆಯಿತು. ಪ್ರೊಟೆಸ್ಟೆಂಟ್ ದೇವಾಲಯಗಳಲ್ಲಿ ಪ್ರಸಂಗಪೀಠಕ್ಕೆ ಮೇಲಿನ ಸ್ಥಾನ ಸಿಕ್ಕಿದ್ದರ ಹಿಂದಿನ ನಂಬಿಕೆಯೂ ಇದೇ.

ಹದಿನೆಂಟನೆಯ ಶತಮಾನದಲ್ಲಿ ಪ್ರಶ್ನೆ ತಿರುಗುಮುರುಗಾಯಿತು. ಪ್ರಕೃತಿಯೇ ಸಾಕು, ವಿಶೇಷ ಪ್ರಕಟನೆ ಹೊಸದೇನನ್ನೂ ಹೇಳುವುದಿಲ್ಲ ಎಂದು ಮ್ಯಾಥ್ಯೂ ಟಿಂಡಾಲ್ 1730ರಲ್ಲಿ ವಾದಿಸಿದ. ಡೇವಿಡ್ ಹ್ಯೂಮನ ಸಂವಾದಗಳು 1779ರಲ್ಲಿ ಪ್ರಕಟವಾಗಿ, ಪ್ರಕೃತಿಯಿಂದ ದೇವರನ್ನು ಊಹಿಸುವ ವಾದದ ಬುಡವನ್ನೇ ಅಲುಗಿಸಿದವು: ಹಡಗೊಂದನ್ನು ಹಲವರು ಸೇರಿ ಕಟ್ಟಿರಬಹುದು, ಜಗತ್ತಿಗೆ ಒಬ್ಬನೇ ಕರ್ತನೆಂದು ಹೇಗೆ ಹೇಳುವುದು? 1802ರಲ್ಲಿ ವಿಲಿಯಂ ಪೇಲಿ ಗಡಿಯಾರದ ದೃಷ್ಟಾಂತ ಹಿಡಿದು ಪ್ರಕೃತಿಯ ಸಾಕ್ಷ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದ. ಪೇಲಿಯ ಗಡಿಯಾರ ಎಷ್ಟೇ ಚೆನ್ನಾಗಿ ನಡೆದರೂ ಅದರಿಂದ ಸಿಗುವುದು ಗಡಿಯಾರ ಮಾಡಿದವನು ಮಾತ್ರ, ಶಿಲುಬೆಯಲ್ಲ.

ಶ್ರೀರಂಗಪಟ್ಟಣದ ಮೂವರು

ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ತೋರಿಸಿದ ದಾರಿಯನ್ನು ಮೈಸೂರಿನ ಪಾದ್ರಿಗಳೂ ಹಿಡಿದರು: ಸಂನ್ಯಾಸಿಯ ಉಡುಪು, ಸಸ್ಯಾಹಾರ, ಊರಿನ ಭಾಷೆಯಲ್ಲೇ ಬೋಧೆ. ಚಿನ್ನಾಮಿ ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದ. ಆಸ್ಥಾನದ ವಿರೋಧದಿಂದ ಕೆಲವೇ ವರ್ಷಗಳಲ್ಲಿ ರಾಜ್ಯ ಬಿಡಬೇಕಾಯಿತು, ಮುಂದೆ ಹಿಂದಿರುಗಿ ಬಂದ. ಈ ಪದ್ಧತಿಯ ಹಿಂದಿನ ನಂಬಿಕೆ ಅಕ್ವಿನಾಸ್‌ನದು. ಕೇಳುಗನಿಗೆ ಪರಮಾತ್ಮನ ಅರಿವು ಈಗಾಗಲೇ ಇದೆ, ಬೋಧಕನು ಅದನ್ನು ಅಲ್ಲಗಳೆಯಬೇಕಾಗಿಲ್ಲ, ಅದು ತಾನಾಗಿ ತಲುಪದ ಕಡೆಗೆ ಮುಂದುವರಿಸಿದರೆ ಸಾಕು.

ಎರಡನೆಯವನು ಜರ್ಮನಿಯ ಲೂಥರನ್ ಪಾದ್ರಿ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್. ತರಂಗಂಬಾಡಿಯ ಮಿಷನ್ನಿಗೆ ಬಂದು ತಂಜಾವೂರಿನಲ್ಲಿ ನೆಲೆಸಿದ್ದ ಈತನನ್ನು ಮದರಾಸಿನ ಗವರ್ನರ್ ಥಾಮಸ್ ರಂಬೋಲ್ಡ್ 1779ರಲ್ಲಿ ಹೈದರ್ ಅಲಿಯ ಬಳಿಗೆ ದೂತನಾಗಿ ಕಳಿಸಿದ. ಹ್ಯೂಮನ ಸಂವಾದಗಳು ಲಂಡನ್ನಿನಲ್ಲಿ ಅಚ್ಚಾದ ವರ್ಷವೇ ಅದು. ರಾಯಭಾರ ಫಲಿಸಲಿಲ್ಲ. ಹೈದರನ ಸೈನ್ಯದಲ್ಲಿದ್ದ ಯೂರೋಪಿಯನ್ ಸಿಪಾಯಿಗಳಿಗೆ ಶ್ವಾರ್ಟ್ಸ್ ಶ್ರೀರಂಗಪಟ್ಟಣದ ಕೋಟೆಯ ಬಳಿ ಆರಾಧನೆ ನಡೆಸಿದ, ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಯಾರು ಯಾವ ಮತದವರು ಎಂಬುದನ್ನು ಹೈದರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದೂ ಅರಮನೆಗೆ ಹೋದಾಗಲೆಲ್ಲ ದೊಡ್ಡವರು ಚಿಕ್ಕವರು ಬಂದು ತನ್ನ ಮತದ ಬಗ್ಗೆ ಕೇಳುತ್ತಿದ್ದರೆಂದೂ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹೈದರ್ ದಾರಿಖರ್ಚಿಗೆಂದು ಕೊಟ್ಟ ಹಣವನ್ನು ಶ್ವಾರ್ಟ್ಸ್ ತನಗಾಗಿ ಇಟ್ಟುಕೊಳ್ಳಲಿಲ್ಲ. ಅವನ ಸಾರಣೆಯ ಬಲದಲ್ಲಿ ಮಾತಿನ ಪಾಲೆಷ್ಟು, ಈ ನಡತೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮೂರನೆಯವನು ಫ್ರಾನ್ಸಿನ ಅಬ್ಬೆ ದುಬಾಯ್. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘಕ್ಕೆ ಸೇರಿದ್ದ ಈತ 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದ. ಗಂಜಾಂನ ಚರ್ಚು ಇಂದಿಗೂ ಅವನ ಹೆಸರಿನಿಂದಲೇ ಗುರುತಾಗಿದೆ. ಈ ನಾಡಿನವರ ಉಡುಪು ತೊಟ್ಟು, ಅವರ ಊಟ ಉಂಡು ಬಾಳಿದ ಅವನನ್ನು ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಸಿಡುಬಿಗೆ ದಾಕು ಹಾಕಿಸುವ ಕೆಲಸದಲ್ಲಿ ಅವನ ಹೆಸರು ದೊಡ್ಡದು; 1803-04ರಲ್ಲಿ 25,432 ಮಂದಿಗೆ ದಾಕು ಹಾಕಿಸಿದ ಲೆಕ್ಕವಿದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್‌ನ ಶಿಫಾರಸಿನ ಮೇಲೆ ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಪ್ರಾಚೀನ ಬ್ರಾಹ್ಮಣರಲ್ಲಿ ಒಬ್ಬನೇ ಪರಮಾತ್ಮನ ಅರಿವಿತ್ತು, ವಿಗ್ರಹಾರಾಧನೆ ಆಮೇಲೆ ಬೆಳೆದದ್ದು ಎಂಬುದು ಅದರಲ್ಲಿ ಕಾಣುವ ನಿಲುವು. ಇದು ರೋಮಾಪುರದವರ ಪತ್ರಿಕೆಯ ಮೊದಲ ಅಧ್ಯಾಯದ ಚೌಕಟ್ಟೇ.

ಆದರೆ ಅದೇ ಚೌಕಟ್ಟಿನಿಂದ ದುಬಾಯ್ ಕೊನೆಗೆ ತಲುಪಿದ್ದು ಪೌಲನ ತೀರ್ಮಾನಕ್ಕೆ ಪೂರ್ತಿ ವಿರುದ್ಧವಾದ ಜಾಗಕ್ಕೆ. ಭಾರತ ಬಿಟ್ಟ ವರ್ಷವಾದ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವನು, ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಮಾತು ಎಂದು ಬರೆದ. ಇಷ್ಟು ವರ್ಷ ದುಡಿದೂ ತನ್ನಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ನಿಜವಾಗಿ ನಂಬಿದವರು ವಿರಳ ಎಂದು ಒಪ್ಪಿಕೊಂಡ. ಕರೆಯನ್ನು ಮತ್ತೆಮತ್ತೆ ತಳ್ಳಿಹಾಕಿದ ಜನರನ್ನು ದೇವರೇ ಕೈಬಿಟ್ಟಿದ್ದಾನೆ ಎನ್ನುವವರೆಗೂ ಹೋದ. ಬೈಬಲನ್ನು ಅನುವಾದಿಸಿ ಹಂಚುವುದರಿಂದ ಕೆಡುಕೇ ಹೆಚ್ಚು ಎಂಬುದಕ್ಕೆ ಅವನು ಕೊಟ್ಟ ಉದಾಹರಣೆ ನೆನಪಿನಲ್ಲಿ ಉಳಿಯುವಂಥದು. ಮನೆಬಿಟ್ಟು ಹೋಗಿ ಮರಳಿದ ಮಗನ ಸಾಮತಿಯನ್ನು ಒಮ್ಮೆ ಪ್ರಬೋಧನೆಯಲ್ಲಿ ಹೇಳಿದಾಗ, ತಂದೆ ಸಂತೋಷದಿಂದ ಕೊಬ್ಬಿದ ಕರುವನ್ನು ಕೊಯ್ಯಿಸಿದ ಭಾಗ ಅವನ ಸಭೆಯ ಕ್ರೈಸ್ತರನ್ನೇ ಕೆರಳಿಸಿತಂತೆ. ಮುಂದೆ ಈ ಕಥೆ ಹೇಳುವುದಾದರೆ ಕರುವಿನ ಬದಲು ಕುರಿಮರಿ ಎನ್ನಿ ಎಂದು ಅವರು ಬುದ್ಧಿ ಹೇಳಿದರಂತೆ.

ತಿರುನೆಲ್ವೇಲಿಯಲ್ಲಿ ದುಡಿದಿದ್ದ ಆಂಗ್ಲಿಕನ್ ಪಾದ್ರಿ ಜೇಮ್ಸ್ ಹಫ್ 1824ರಲ್ಲಿ ಪುಸ್ತಕರೂಪದಲ್ಲಿ ಉತ್ತರ ಕೊಟ್ಟ. ದುಬಾಯ್ ಫ್ರಾನ್ಸಿಗೆ ಮರಳಿ, ಪಂಚತಂತ್ರವನ್ನು ಫ್ರೆಂಚಿಗೆ ತಂದು, ತನ್ನ ಮಿಷನ್ ಸಂಘದಲ್ಲೇ ದೊಡ್ಡ ಹೊಣೆ ಹೊತ್ತು 1848ರಲ್ಲಿ ತೀರಿಕೊಂಡ. ಅವನ ಹತಾಶೆಯಲ್ಲಿ ಸುಳ್ಳಿಲ್ಲ, ಆದರೆ ತರ್ಕದಲ್ಲಿ ಒಂದು ಬಿರುಕಿದೆ. ಅವನು ಸಾರಣೆಯನ್ನು ಫಲಿತಾಂಶದ ಎಣಿಕೆಯಿಂದ ಅಳೆದ. ಪೌಲನ ಪ್ರಶ್ನೆ ಎಷ್ಟು ಮಂದಿ ನಂಬಿದರು ಎಂಬುದಲ್ಲ, ಯಾರೂ ಹೇಳದೆ ಅವರು ಕೇಳುವುದು ಹೇಗೆ ಎಂಬುದು. ಕರುವಿನ ಪ್ರಸಂಗವೂ ದುಬಾಯ್ ತಿಳಿದದ್ದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಆ ಕೇಳುಗರು ಕಥೆಯನ್ನು ಬೇಡವೆನ್ನಲಿಲ್ಲ. ಅದನ್ನು ತಮ್ಮ ನೆರೆಹೊರೆಯ ನಡುವೆ ಹೇಗೆ ಹೇಳಬೇಕೆಂದು ಬೋಧಕನಿಗೇ ಕಲಿಸಿದರು.

ನೆರೆಯ ದರ್ಶನಗಳು

ಈ ಪಾದ್ರಿಗಳು ಬಂದಿಳಿದ ನೆಲದಲ್ಲಿ ಪ್ರಕೃತಿಯ ಸಾಕ್ಷ್ಯವನ್ನು ಎಲ್ಲರೂ ಒಪ್ಪಿರಲಿಲ್ಲ. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳು ರಾಮಾನುಜಾಚಾರ್ಯರ ನೆಲೆಗಳು. ಶ್ರೀಭಾಷ್ಯದಲ್ಲಿ ಬ್ರಹ್ಮಸೂತ್ರಗಳ ಮೂರನೆಯ ಸೂತ್ರವನ್ನು ವಿವರಿಸುವಾಗ ಅವರು ನ್ಯಾಯದರ್ಶನದವರಾದ ನೈಯಾಯಿಕರ ವಾದವನ್ನು ಖಂಡಿಸುತ್ತಾರೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕು ಎಂಬ ಅನುಮಾನದಿಂದ ಒಬ್ಬನೇ ಸರ್ವಜ್ಞ ಈಶ್ವರ ಸಿದ್ಧಿಸುವುದಿಲ್ಲ. ಬೆಟ್ಟ ಸಮುದ್ರಗಳನ್ನು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕರ್ತರು ಮಾಡಿರಬಹುದು. ಬ್ರಹ್ಮವನ್ನು ತಿಳಿಯಲು ಶಾಸ್ತ್ರವೊಂದೇ ಪ್ರಮಾಣ. ಹ್ಯೂಮನಿಗಿಂತ ಆರೂವರೆ ಶತಮಾನಗಳಷ್ಟು ಮೊದಲೇ ಮೂಡಿದ ಈ ವಾದ ನಾಸ್ತಿಕನದಲ್ಲ, ಪರಮ ಭಕ್ತನದು ಎಂಬುದು ಗಮನಾರ್ಹ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗಳು ಇನ್ನೊಂದು ನಿಲುವಿನ ಕುರುಹು. ಜೈನರಿಗೆ ಜಗತ್ತು ಅನಾದಿ, ಅದಕ್ಕೆ ಕರ್ತನೇ ಇಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಪಟ್ಟಾಗಿ ಕುಳಿತು ನಿರಾಕರಿಸಿದ್ದಾರೆ. ಪಂಪನ ಆದಿಪುರಾಣಕ್ಕೆ ಆಕರ ಆ ಕೃತಿಯೇ. ಒಂದೇ ಆಕಾಶವನ್ನು ನೋಡಿ ಮೇಲುಕೋಟೆ ಒಂದು ಹೇಳಿತು, ಕಂಬದಹಳ್ಳಿ ಇನ್ನೊಂದು ಹೇಳಿತು. ಪ್ರಕೃತಿ ಸಾಕ್ಷಿಯಾದರೂ ಅದರ ಹೇಳಿಕೆಯನ್ನು ಬಿಡಿಸಿ ಓದುವವರು ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಲುಸ್ತ್ರದ ವಾದಕ್ಕೂ ಈ ಸೀಮೆಯಲ್ಲಿ ಒಂದು ಪರೀಕ್ಷೆಯಿದೆ. ಮಳೆ ಬೆಳೆಗಳೇ ದೇವರ ಸಾಕ್ಷಿಯಾದರೆ, ಶ್ರೀರಂಗಪಟ್ಟಣ ಪಾಂಡವಪುರಗಳ ನಾಲೆಯ ಗದ್ದೆಗಳಲ್ಲಿ ಆ ಸಾಕ್ಷಿ ಉದಾರವಾಗಿ ಮಾತನಾಡುತ್ತದೆ. ನಾಗಮಂಗಲದ ಮಳೆಯಾಶ್ರಿತ ರಾಗಿ ಹೊಲಗಳಲ್ಲಿ ಬರ ಬಿದ್ದ ವರ್ಷ ಅದೇ ಸಾಕ್ಷಿ ಏನು ಹೇಳುತ್ತದೆ? ಪ್ರಕೃತಿ ದೇವರ ಬಲವನ್ನು ತೋರಬಲ್ಲುದು, ಒಲವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಲಾರದು ಎಂಬುದು ಕ್ರೈಸ್ತ ಬೋಧಕರು ಕೊಡುತ್ತ ಬಂದ ಉತ್ತರ.

ರಾಮಾನುಜರಿಗೂ ಕ್ರೈಸ್ತ ಚಿಂತಕರಿಗೂ ಇರುವ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ರಾಮಾನುಜರ ಪ್ರಮಾಣವಾದ ವೇದ ಅಪೌರುಷೇಯ, ನಿತ್ಯ. ಅದು ಒಂದು ದಿನ ನಡೆದ ಸುದ್ದಿಯಲ್ಲ. ಕ್ರೈಸ್ತರ ಕೇಂದ್ರ ಸಂಗತಿ ಪೊಂತ್ಯ ಪಿಲಾತನ ಅಧಿಕಾರಾವಧಿಯಲ್ಲಿ, ಜೆರೂಸಲೇಮಿನ ಹೊರವಲಯದಲ್ಲಿ ನಡೆಯಿತೆಂದು ಹೇಳುವ ಒಂದು ಮರಣ ಮತ್ತು ಪುನರುತ್ಥಾನ. ಬೆಟ್ಟಗುಡ್ಡಗಳನ್ನು ಎಷ್ಟು ದಿನ ಧ್ಯಾನಿಸಿದರೂ ಈ ಸಂಗತಿ ತಿಳಿಯದು. ನಡೆದದ್ದನ್ನು ಕಂಡವರು ಹೇಳಬೇಕು, ಅವರಿಂದ ಕೇಳಿದವರು ಮುಂದಿನವರಿಗೆ ಹೇಳಬೇಕು. ಸಾರಣೆಯ ಅಗತ್ಯಕ್ಕೆ ಕ್ರೈಸ್ತಮತ ಕೊಡುವ ಕಾರಣಗಳಲ್ಲಿ ಗಟ್ಟಿಯಾದದ್ದು ಇದೇ. ಅಜ್ಞಾನ, ಪಾಪ, ಕಾಲದ ಅಭಾವ ಮೊದಲಾದವೆಲ್ಲ ಇದರ ನಂತರದವು.

ಇಪ್ಪತ್ತನೆಯ ಶತಮಾನ

1934ರಲ್ಲಿ ಸ್ವಿಟ್ಜರ್ಲೆಂಡಿನ ಎಮಿಲ್ ಬ್ರೂನರ್, ಪ್ರಕೃತಿಯಲ್ಲಿ ದೇವರ ಅರಿವಿಗೆ ಒಂದು ಹಿಡಿಕೆ ಉಳಿದಿದೆ ಎಂದು ಬರೆದಾಗ ಕಾರ್ಲ್ ಬಾರ್ತ್ ಇಲ್ಲವೆಂಬ ಒಂದೇ ಪದದ ಶೀರ್ಷಿಕೆಯಲ್ಲಿ ಉತ್ತರಿಸಿದ. ರಕ್ತ, ನೆಲ, ಜನಾಂಗಗಳಲ್ಲೂ ದೇವರ ದನಿ ಕೇಳುತ್ತದೆ ಎಂದು ಜರ್ಮನಿಯ ನಾತ್ಸಿಪರ ಕ್ರೈಸ್ತರು ಹೇಳುತ್ತಿದ್ದ ಕಾಲವದು. ಬಾರ್ತನ ಕಟುತನಕ್ಕೆ ಆ ಹಿನ್ನೆಲೆಯಿದೆ. ಅವನ ಹಾದಿಗೆ ಹತ್ತಿರವಿದ್ದ ಹೆಂಡ್ರಿಕ್ ಕ್ರೇಮರ್ 1938ರಲ್ಲಿ ಮದರಾಸಿನ ಬಳಿಯ ತಾಂಬರಂ ಸಮ್ಮೇಳನಕ್ಕಾಗಿ ಬರೆದ ಗ್ರಂಥವನ್ನು ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಭಾರತೀಯ ಚಿಂತಕರು ನೇರವಾಗಿ ವಿರೋಧಿಸಿದರು.

ಕನ್ನಡನಾಡಿನಿಂದ ಈ ಚರ್ಚೆಗೆ ಹೆಚ್ಚು ಕೊಟ್ಟವರು ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ದೈವಶಾಸ್ತ್ರ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು ಮುಂದೆ ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅಂತರ್ಧರ್ಮೀಯ ಸಂವಾದ ವಿಭಾಗವನ್ನು ಕಟ್ಟಿದರು. ನೆರೆಯವನನ್ನು ಕೇಳಿಸಿಕೊಳ್ಳದೆ ಅವನಿಗೆ ಹೇಳುವ ಹಕ್ಕಿಲ್ಲ ಎಂಬ ಧೋರಣೆ ಅವರದು. ಕಥೋಲಿಕರಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಮೊದಲು ಬೆಂಗಳೂರಿನಲ್ಲಿ, ಆಮೇಲೆ ಮೈಸೂರಿನ ಅಂಜಲಿ ಆಶ್ರಮ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತ ಅಧ್ಯಯನ ಪೀಠದಲ್ಲಿ ದುಡಿದು, ಮೂರು ಶತಮಾನ ಹಿಂದೆ ಚಿನ್ನಾಮಿ ಹಿಡಿದಿದ್ದ ದಾರಿಗೆ ಹೊಸ ಶಾಸ್ತ್ರೀಯ ಆಧಾರ ಒದಗಿಸಿದರು. ತಮ್ಮದಲ್ಲದ ತಪ್ಪಿನಿಂದ ಸುವಾರ್ತೆ ತಿಳಿಯದೆ ಉಳಿದರೂ ದೇವರನ್ನು ಪ್ರಾಮಾಣಿಕವಾಗಿ ಅರಸುವವರು ರಕ್ಷಣೆ ಪಡೆಯಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತ್ತು. ಹಾಗೆ ಹೇಳಿದ ಸಭೆಯೇ ಮರುವರ್ಷ, ಸಾರುವ ಹೊಣೆ ಅದರಿಂದ ತಪ್ಪುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಎರಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ, ಇಂದಿನ ಕಥೋಲಿಕ ದೈವಶಾಸ್ತ್ರದ ಜಗ್ಗಾಟವೆಲ್ಲ ಇಲ್ಲಿಯೇ.

ಸಾರುವ ಈ ಹೊಣೆಗೆ ಕಾನೂನಿನ ಮುಖವೂ ಇದೆ. ಭಾರತದ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಮಾನ್ಯಮಾಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ದೈವಶಾಸ್ತ್ರದ ಮಾತಿನಲ್ಲೂ ಸಾರುವುದು ಬೋಧಕನ ಕೆಲಸ, ನಂಬಿಸುವುದು ಅವನ ಕೈಯಲ್ಲಿಲ್ಲ.

ಸಾರಣೆ ಹೊರಗಿನವರಿಗೆ ಮಾತ್ರ ಎಂಬ ತಿಳಿವಳಿಕೆಯೂ ಸರಿಯಲ್ಲ. ಶ್ರೀರಂಗಪಟ್ಟಣವಿರುವ ಮಂಡ್ಯ ಜಿಲ್ಲೆ ಕಥೋಲಿಕರ ಮೈಸೂರು ಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿದೆ. ಸಿರೋ ಮಲಬಾರ್ ಧರ್ಮಸಭೆ 2010ರಲ್ಲಿ ಮಂಡ್ಯವನ್ನು ಪ್ರತ್ಯೇಕ ಧರ್ಮಕ್ಷೇತ್ರವಾಗಿಸಿತು. ಅಲ್ಲಿನ ದೇವಾಲಯಗಳಲ್ಲಿ ಪ್ರಬೋಧನೆ ಕೇಳುವವರು ಬಹುಪಾಲು ಈಗಾಗಲೇ ನಂಬಿದವರು. ಲ್ಯಾಟಿನ್ ವಿಧಿಯ ಕಥೋಲಿಕರಿಗೆ ಅನ್ವಯಿಸುವ 1983ರ ಧರ್ಮಸಭಾ ಸಂಹಿತೆಯ ಪ್ರಕಾರ, ಜನರು ಕೂಡಿದ ಭಾನುವಾರದ ಬಲಿಪೂಜೆಯಲ್ಲಿ ಗಂಭೀರ ಕಾರಣವಿಲ್ಲದೆ ಪ್ರಬೋಧನೆಯನ್ನು ಬಿಡುವಂತಿಲ್ಲ.